ಪ್ರೋಟೀನ್ ಪ್ರಾಕ್ಟಿಕಲ್: ಮಾಡಬೇಕಾದ್ದು, ಮಾಡಬಾರದ್ದು

ಜೀವರಸಾಯನ ವಿಭಾಗದ ಪ್ರಯೋಗಾಲಯಕ್ಕೆ ಬರುವ ಎಲ್ಲ ಎಂ.ಎಸ್ಸಿ. ವಿದ್ಯಾರ್ಥಿಗಳಿಗೂ ಕೊನೆಯ ವರ್ಷದ ಬಿ.ಎಸ್ಸಿ.ಯವರಿಗೂ ಈ ಸೂಚನೆ ಅನ್ವಯಿಸುತ್ತದೆ. ಓದಿರಲಿಲ್ಲ ಎಂಬ ಸಬೂಬು ನಡೆಯುವುದಿಲ್ಲ. ಏಪ್ರನ್ ಹಾಕಿ, ಕೂದಲು ಕಟ್ಟಿ, ಚಪ್ಪಲಿ ಬಿಟ್ಟು ಶೂ ಹಾಕಿ ಎಂದು ಮೊದಲ ದಿನವೇ ಹೇಳಿಯಾಗಿದೆ. ಇಲ್ಲಿ ಹೇಳಹೊರಟಿರುವುದು ಪ್ರೋಟೀನಿನ ವಿಷಯ.

ಟೆಸ್ಟ್ ಟ್ಯೂಬಿನಲ್ಲಿ ಕರಗಿರುವ ಪ್ರೋಟೀನ್ ಯಾರ ಕಣ್ಣಿಗೂ ಕಾಣುವುದಿಲ್ಲ. ನಿಮಗೆ ಕಾಣುವುದು ಬಣ್ಣ. ಯಂತ್ರ ಹೇಳುವುದು ಎಷ್ಟು ಬೆಳಕು ದಾಟಲಿಲ್ಲ ಎಂಬುದನ್ನು ಮಾತ್ರ. ಅದನ್ನು ‘ಇಷ್ಟು ಮಿಲಿಗ್ರಾಂ ಪ್ರೋಟೀನ್’ ಎಂದು ಬರೆಯುವ ಮೊದಲು ಆ ಬಣ್ಣ ಅಣುವಿನ ಯಾವ ಭಾಗದಿಂದ ಬಂತು ಎಂದು ಹೇಳಲು ಬರಬೇಕು. ಹೇಳಲು ಬಾರದವರ ರೆಕಾರ್ಡಿಗೆ ಸಹಿ ಬೀಳುವುದಿಲ್ಲ.

ಕೈ, ಬಾಯಿ

ಬಾಯಿಯಿಂದ ಪಿಪೆಟ್ ಎಳೆಯಬಾರದು. ನೀರಾದರೂ ಸರಿ, ಎಳೆಯಬಾರದು. ರಬ್ಬರ್ ಬಲ್ಬ್ ಸಿಗದಿದ್ದರೆ ಸಿಗುವವರೆಗೆ ಕಾಯಿರಿ.

ಕ್ರೊಮ್ಯಾಟೋಗ್ರಫಿ ಕಾಗದವನ್ನು ಬರಿಗೈಯಲ್ಲಿ ಮುಟ್ಟಬಾರದು. ಅಂಚು ಹಿಡಿಯುವುದಾದರೂ ಗ್ಲೌಸ್ ಇರಲಿ. ಬೆವರಿನಲ್ಲಿ ಅಮೈನೋ ಆಮ್ಲಗಳಿರುತ್ತವೆ. ನಿನ್‌ಹೈಡ್ರಿನ್ ಸಿಂಪಡಿಸಿ ಓವನ್ನಿನಲ್ಲಿ ಇಟ್ಟಾಗ ನಿಮ್ಮ ಗ್ಲೈಸಿನ್, ಲ್ಯೂಸಿನ್‌ಗಳ ಕಲೆಗಳ ಜೊತೆಗೆ ನಿಮ್ಮ ಹೆಬ್ಬೆಟ್ಟಿನ ಗುರುತೂ ನೇರಳೆಯಾಗಿ ಏಳುತ್ತದೆ. ಈ ಬಣ್ಣವನ್ನು ರುಹೆಮಾನ್ ಕೇಂಬ್ರಿಜ್‌ನಲ್ಲಿ ಕಂಡದ್ದು 1910ರಲ್ಲಿ. ಅಪರಾಧ ನಡೆದ ಜಾಗದ ಕಾಗದದ ಮೇಲೆ ಬೆರಳಚ್ಚು ಎಬ್ಬಿಸಲು ಇದನ್ನೇ ಬಳಸಬಹುದೆಂದು ಸ್ವೀಡನ್ನಿನ ಇಬ್ಬರು ತೋರಿಸಿದ್ದು 1954ರಲ್ಲಿ. ಪೊಲೀಸರಿಗೆ ಉಪಯೋಗಕ್ಕೆ ಬಂದ ಈ ಗುಣ ನಿಮಗೆ ಬರೀ ಉಪದ್ರವ.

ಕಲೆ ಹಳದಿಯಾಗಿ ಬಂದರೆ ಪ್ರಯೋಗ ಕೆಟ್ಟಿತೆಂದು ಕಾಗದ ಹರಿದು ಹಾಕಬೇಡಿ. ಪ್ರೋಲಿನ್ ಇರಬಹುದು. ಅದರ ಸಾರಜನಕ ಉಂಗುರದೊಳಗೆ ಸಿಕ್ಕಿಕೊಂಡಿರುವುದರಿಂದ ಅದು ನೇರಳೆ ಬಣ್ಣ ಕೊಡುವುದಿಲ್ಲ. ಹಳದಿಯೇ ಸರಿಯಾದ ಉತ್ತರ. ಯಂತ್ರದಲ್ಲಿ ಓದುವುದಾದರೆ ನೇರಳೆಗೆ 570, ಹಳದಿಗೆ 440 ನ್ಯಾನೋಮೀಟರ್. ಕೆಲವರು ಉದ್ದ ಕಾಗದದ ಬದಲು ವೃತ್ತಾಕಾರದ್ದನ್ನು ಬಳಸುತ್ತೇವೆ ಎನ್ನುತ್ತಾರೆ. ಧಾರಾಳವಾಗಿ ಬಳಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಕೆ.ವಿ. ಗಿರಿಯವರು 1950ರ ದಶಕದ ಆರಂಭದಲ್ಲಿ ಆ ವಿಧಾನವನ್ನು ಅಮೈನೋ ಆಮ್ಲಗಳಿಗೆ ಹದಗೊಳಿಸಿದ್ದರು. ಆದರೆ ಅದಕ್ಕೂ ಗ್ಲೌಸ್ ಬೇಕು.

ಗುಣಪರೀಕ್ಷೆಗಳು

ಮಿಲನ್ ಪರೀಕ್ಷೆಯನ್ನು ಇಲ್ಲಿ ನಿಲ್ಲಿಸಲಾಗಿದೆ. ಅದರಲ್ಲಿ ಪಾದರಸವಿದೆ. ಹಳೆಯ ರೆಕಾರ್ಡಿನಲ್ಲಿ ಇದೆ ಎಂದು ಬಾಟಲಿ ಹುಡುಕಬೇಡಿ. ಟೈರೋಸಿನ್ ತೋರಿಸಲು ನೈಟ್ರಿಕ್ ಆಮ್ಲದ ಕ್ಸಾಂಥೋಪ್ರೋಟೀಕ್ ಪರೀಕ್ಷೆ ಸಾಕು. ಆದರೆ ಟ್ರಿಪ್ಟೋಫಾನ್ ಕೂಡ ಅದರಲ್ಲಿ ಹಳದಿ ಕೊಡುತ್ತದೆ ಎಂಬುದನ್ನು ಬರೆಯಲು ಮರೆಯಬೇಡಿ. ಆಮ್ಲ ಬೆರಳಿಗೆ ತಾಗಿದರೆ ಚರ್ಮವೂ ಹಳದಿಯಾಗುತ್ತದೆ, ಅದೂ ಪ್ರೋಟೀನೇ.

ಲೆಡ್ ಅಸಿಟೇಟ್ ಪರೀಕ್ಷೆಯಲ್ಲಿ ಕಪ್ಪು ಬರಲಿಲ್ಲವೆಂದು ‘ಗಂಧಕವಿಲ್ಲ’ ಎಂದು ಬರೆಯಬಾರದು. ಸಿಸ್ಟೀನಿನ ಗಂಧಕ ಕ್ಷಾರದಲ್ಲಿ ಕುದಿಸಿದಾಗ ಕಳಚಿ ಬರುತ್ತದೆ, ಮೆಥಿಯೋನಿನ್‌ನದು ಬರುವುದಿಲ್ಲ. ‘ಈ ಪರೀಕ್ಷೆಗೆ ಸಿಗುವ ಗಂಧಕವಿಲ್ಲ’ ಎಂದು ಬರೆಯಿರಿ.

ಪ್ರಮಾಣ ಅಳೆಯುವಾಗ

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ, ಅದೂ ಚೆನ್ನಾಗಿ ಓದುವವರಿಂದಲೇ.

ಮೊದಲು ವಿಧಾನ ಏನನ್ನು ನೋಡುತ್ತದೆ ಎಂದು ತಿಳಿದುಕೊಳ್ಳಿ. ಬೈಯುರೆಟ್ ನೋಡುವುದು ಪೆಪ್ಟೈಡ್ ಬಂಧಗಳನ್ನು. ಕ್ಷಾರದಲ್ಲಿ ತಾಮ್ರ ಆ ಬಂಧಗಳ ಸಾರಜನಕವನ್ನು ಹಿಡಿದು ನೇರಳೆಯಾಗುತ್ತದೆ. ಬಿಡಿ ಅಮೈನೋ ಆಮ್ಲವಾಗಲಿ, ಒಂದೇ ಬಂಧವಿರುವ ಡೈಪೆಪ್ಟೈಡಾಗಲಿ ಆ ಬಣ್ಣ ಕೊಡುವುದಿಲ್ಲ. ಲೌರಿ ವಿಧಾನ ಬಂಧಗಳ ಜೊತೆಗೆ ಮುಖ್ಯವಾಗಿ ಟೈರೋಸಿನ್, ಟ್ರಿಪ್ಟೋಫಾನ್‌ಗಳನ್ನು ನೋಡುತ್ತದೆ. ಬ್ರಾಡ್‌ಫರ್ಡ್ ವಿಧಾನದ ನೀಲಿ ಡೈ ಹೆಚ್ಚಾಗಿ ಆರ್ಜಿನಿನ್‌ಗೆ ಅಂಟಿಕೊಳ್ಳುತ್ತದೆ. 280 ನ್ಯಾನೋಮೀಟರಿನಲ್ಲಿ ನೇರವಾಗಿ ಓದಿದರೆ ನೀವು ಎಣಿಸುತ್ತಿರುವುದು ಬಹುಮಟ್ಟಿಗೆ ಟ್ರಿಪ್ಟೋಫಾನ್ ಮತ್ತು ಟೈರೋಸಿನ್. ಡಿಎನ್ಎ, ಆರ್ಎನ್ಎ ಬೆರೆತಿದ್ದರೆ ಅವುಗಳ ಪಾಲೂ ಸೇರುತ್ತದೆ.

ಆದ್ದರಿಂದ ಜೆಲಟಿನ್ ಕೊಟ್ಟಾಗ ಬ್ರಾಡ್‌ಫರ್ಡಿನಲ್ಲಿ ತೀರ ಕಡಿಮೆ ಬಂದು ಬೈಯುರೆಟ್‌ನಲ್ಲಿ ಚೆನ್ನಾಗಿ ಬಂದರೆ ಗಾಬರಿಯಾಗಿ ಪಕ್ಕದವರ ಸಂಖ್ಯೆಗೆ ಹೊಂದಿಸಿಕೊಳ್ಳಬಾರದು. ಜೆಲಟಿನ್ ಎಂದರೆ ಬಿಚ್ಚಿಹೋದ ಕೊಲಾಜೆನ್. ಅದರಲ್ಲಿ ಸುಮಾರು ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಕೂತಿದೆ, ಟ್ರಿಪ್ಟೋಫಾನ್ ಇಲ್ಲವೇ ಇಲ್ಲ. ಆ ಮೂರನೆಯ ಗ್ಲೈಸಿನ್ ಇಲ್ಲದಿದ್ದರೆ ಜಿ.ಎನ್. ರಾಮಚಂದ್ರನ್ ಮತ್ತು ಗೋಪೀನಾಥ್ ಕರ್ತಾ 1954ರಲ್ಲಿ ಮದರಾಸಿನಿಂದ ಪ್ರಕಟಿಸಿದ ಮೂರೆಳೆಯ ಸುರುಳಿ ನಿಲ್ಲುತ್ತಲೇ ಇರಲಿಲ್ಲ. ಎಳೆಗಳು ಒತ್ತೊತ್ತಾಗಿ ಸೇರುವ ಒಳಭಾಗದಲ್ಲಿ ಅದಕ್ಕಿಂತ ದೊಡ್ಡದಕ್ಕೆ ಜಾಗವಿಲ್ಲ. ನಿಮ್ಮ ಎರಡು ರೀಡಿಂಗ್‌ಗಳ ನಡುವಿನ ಅಂತರ ತಪ್ಪಲ್ಲ, ಕೊಲಾಜೆನ್ನಿನ ಸ್ವಭಾವ. ಎರಡನ್ನೂ ಬರೆಯಿರಿ, ಕಾರಣ ಬರೆಯಿರಿ, ಪೂರ್ಣ ಅಂಕ ತೆಗೆದುಕೊಳ್ಳಿ.

ಸ್ಟ್ಯಾಂಡರ್ಡಾಗಿ ಬಿಎಸ್ಎ ಬಳಸಿದರೆ ‘ಬಿಎಸ್ಎಗೆ ಹೋಲಿಸಿ’ ಎಂಬ ಎರಡು ಪದ ಕಡ್ಡಾಯ. ಬ್ರಾಡ್‌ಫರ್ಡಿನಲ್ಲಿ ಬಿಎಸ್ಎ ಬೇರೆ ಹಲವು ಪ್ರೋಟೀನುಗಳಿಗಿಂತ, ತೂಕಕ್ಕೆ ತೂಕ, ಜಾಸ್ತಿ ಬಣ್ಣ ಕೊಡುತ್ತದೆ. ಹಾಗಾಗಿ ನಿಮ್ಮ ಪ್ರೋಟೀನ್ ಇರುವುದಕ್ಕಿಂತ ಕಡಿಮೆ ಎಂದು ತೋರುತ್ತದೆ.

ಬ್ಲ್ಯಾಂಕ್ ಎಂದರೆ ನೀರಲ್ಲ. ಪ್ರೋಟೀನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ, ಅದೇ ಬಫರ್, ಅದೇ ಉಪ್ಪು, ಅದೇ ಡಿಟರ್ಜೆಂಟ್, ಇದ್ದರೆ ಮಾತ್ರ ಅದು ಬ್ಲ್ಯಾಂಕ್. ಅಮೋನಿಯಂ ಸಲ್ಫೇಟಿನಿಂದ ಈಗಷ್ಟೇ ಒತ್ತರಿಸಿದ ಪ್ರೋಟೀನನ್ನು ಡಯಾಲಿಸಿಸ್ ಮಾಡದೆ ಬೈಯುರೆಟ್‌ಗೆ ಹಾಕಬಾರದು. ಮರ್ಕ್ಯಾಪ್ಟೋಎಥನಾಲ್ ಇರುವ ಸ್ಯಾಂಪಲ್ಲನ್ನು ಲೌರಿಗೆ ತರಬಾರದು. ಪ್ರೋಟೀನೇ ಇಲ್ಲದಿದ್ದರೂ ನೀಲಿ ಬರುತ್ತದೆ. ಎಸ್‌ಡಿಎಸ್ ಇರುವುದನ್ನು ಬ್ರಾಡ್‌ಫರ್ಡಿಗೆ ತರಬಾರದು.

ಲೌರಿಯಲ್ಲಿ ಫೋಲಿನ್ ಕಾರಕ ಹಾಕಿದ ಆ ಕ್ಷಣವೇ ಟ್ಯೂಬ್ ಅಲುಗಿಸಿ. ಹತ್ತು ಟ್ಯೂಬಿಗೆ ಸಾಲಾಗಿ ಹಾಕಿ ಆಮೇಲೆ ಒಟ್ಟಿಗೆ ಅಲುಗಿಸುವ ಸೋಮಾರಿತನ ಬೇಡ; ಆ ಕಾರಕ ಕ್ಷಾರದಲ್ಲಿ ಬಹಳ ಬೇಗ ಸತ್ತುಹೋಗುತ್ತದೆ. ಈ ವಿಧಾನವನ್ನು ವಿವರಿಸಿದ ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಪ್ರಬಂಧವನ್ನು ಬೇರೆ ಪ್ರಬಂಧಗಳು 3 ಲಕ್ಷಕ್ಕೂ ಹೆಚ್ಚು ಬಾರಿ ಉಲ್ಲೇಖಿಸಿವೆ. ಉಲ್ಲೇಖಿಸಿದವರಲ್ಲಿ ಎಷ್ಟು ಮಂದಿ ಅದನ್ನು ಓದಿದ್ದಾರೋ, ನನಗೆ ಅನುಮಾನ. ನೀವು ಓದಿ.

ರೀಡಿಂಗ್ ಸ್ಟ್ಯಾಂಡರ್ಡ್ ಗ್ರಾಫಿನ ಮೇಲ್ತುದಿ ದಾಟಿದರೆ ಬಣ್ಣ ಬಂದ ದ್ರಾವಣಕ್ಕೆ ನೀರು ಸುರಿದು ಮತ್ತೆ ಓದಬಾರದು. ಕಾರಕ ಅಲ್ಲಿ ಆಗಲೇ ಮುಗಿದಿರುತ್ತದೆ, ನೀರು ಹಾಕಿದರೆ ಬರುವುದು ಸುಳ್ಳು ಸಂಖ್ಯೆ. ಮೂಲ ಸ್ಯಾಂಪಲ್ಲನ್ನು ತೆಳುಮಾಡಿ, ಪ್ರಯೋಗವನ್ನು ಮೊದಲಿನಿಂದ ಮಾಡಿ. ಮೊಟ್ಟೆಯ ಬಿಳಿಯಲ್ಲಿ ಸುಮಾರು ನೂರಕ್ಕೆ ಹತ್ತು ಭಾಗ ಪ್ರೋಟೀನ್ ಇರುವುದರಿಂದ ಅದನ್ನು ಧೈರ್ಯವಾಗಿ ನೂರು ಪಟ್ಟು, ಬೇಕಾದರೆ ಇನ್ನೂ ಹೆಚ್ಚು ತೆಳುಮಾಡಿಕೊಂಡೇ ಶುರುಮಾಡಿ.

280ಕ್ಕೆ ಕ್ವಾರ್ಟ್ಜ್ ಕ್ಯುವೆಟ್, ಬ್ರಾಡ್‌ಫರ್ಡಿಗೆ ಪ್ಲಾಸ್ಟಿಕ್. ಅದಲುಬದಲು ಮಾಡಬಾರದು. ಗಾಜು ಅತಿನೇರಳೆ ಬೆಳಕನ್ನು ನುಂಗುತ್ತದೆ. ನೀಲಿ ಡೈ ಕ್ವಾರ್ಟ್ಜಿಗೆ ಅಂಟಿದರೆ ಬಿಡಿಸಲು ಅರ್ಧ ದಿನ ಬೇಕು. ಒಡೆದರೆ ಬೆಲೆ ಕೇಳಬೇಡಿ, ಕೇಳಿದರೆ ನೀವೇ ಅಳುತ್ತೀರಿ.

ಸಾರಜನಕ ಅಳೆದು ಪ್ರೋಟೀನ್ ಎನ್ನುವವರಿಗೆ

ಆಹಾರದ ಪ್ರಾಜೆಕ್ಟ್ ಮಾಡುವವರು ಜೆಲ್‌ಡಾಲ್ ವಿಧಾನ ಬಳಸುತ್ತೀರಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೋಹಾನ್ ಜೆಲ್‌ಡಾಲ್ ಇದನ್ನು 1883ರಲ್ಲಿ ಪ್ರಕಟಿಸಿದ. ಅದು ಅಳೆಯುವುದು ಸಾರಜನಕ. ಪ್ರೋಟೀನಿನಲ್ಲಿ ಸರಾಸರಿ 16% ಸಾರಜನಕವಿದೆ ಎಂದು ಹಿಡಿದು 6.25ರಿಂದ ಗುಣಿಸುತ್ತೇವೆ. ಆ ಗುಣಾಕಾರ ಒಂದು ಊಹೆ. ಹಾಲಿಗೆ 6.38 ಬಳಸಬೇಕು, ಎಲ್ಲದಕ್ಕೂ 6.25 ಹಾಕಬಾರದು.

ಈ ಊಹೆಯ ಮೇಲೆ ಕಣ್ಣಿಟ್ಟವರು ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಸೇರಿಸಿದರು. ಮೆಲಮೈನ್ ತೂಕದ ಮೂರನೇ ಎರಡು ಭಾಗ ಸಾರಜನಕವೇ. ಪರೀಕ್ಷೆಯಲ್ಲಿ ಹಾಲು ಪಾಸಾಯಿತು. 2008ರಲ್ಲಿ ವಿಷಯ ಹೊರಬೀಳುವ ಹೊತ್ತಿಗೆ ಹಾಲಿನ ಪುಡಿ ಕುಡಿದ ಸುಮಾರು 3 ಲಕ್ಷ ಮಕ್ಕಳು ತೊಂದರೆಗೊಳಗಾಗಿದ್ದರು, ಹಲವರ ಮೂತ್ರಪಿಂಡಗಳಲ್ಲಿ ಕಲ್ಲು ಕಟ್ಟಿತ್ತು. ಸರ್ಕಾರದ ಲೆಕ್ಕದಲ್ಲೇ 6 ಹಸುಳೆಗಳು ಸತ್ತವು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದನ್ನು ಕೇಳಿದ್ದು ಸಾರಜನಕದ ಪ್ರಶ್ನೆ, ಬರೆದುಕೊಂಡದ್ದು ಪ್ರೋಟೀನಿನ ಉತ್ತರ.

ಇಲ್ಲಿ ಹಾಲು, ಸೋಯಾ, ‘ಪ್ರೋಟೀನ್ ಪೌಡರ್’ ಏನನ್ನೇ ಅಳೆದರೂ ಜೆಲ್‌ಡಾಲ್ ಒಂದನ್ನೇ ನಂಬಬಾರದು. ಮೊದಲು ಟ್ರೈಕ್ಲೋರೋಅಸಿಟಿಕ್ ಆಮ್ಲದಿಂದ ಪ್ರೋಟೀನನ್ನು ಒತ್ತರಿಸಿ, ಮೇಲಿನ ತಿಳಿಯಲ್ಲಿ ಉಳಿದ ಸಾರಜನಕವನ್ನು ಬೇರೆಯಾಗಿ ಅಳೆಯಿರಿ. ಯೂರಿಯಾ ಬೆರೆಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಜೊತೆಗೆ ಬೈಯುರೆಟ್ ಕೂಡ ಮಾಡಿ. ಪೆಪ್ಟೈಡ್ ಬಂಧವಿಲ್ಲದ ಯೂರಿಯಾ ಅದರ ಕಣ್ಣಿಗೆ ಬೀಳುವುದಿಲ್ಲ. ಎರಡರ ಅಂತರ ದೊಡ್ಡದಿದ್ದರೆ ನನ್ನ ಬಳಿ ಬನ್ನಿ, ಎಷ್ಟೇ ಹೊತ್ತಾಗಿದ್ದರೂ.

ಜೋಪಾನ

ಪ್ರೋಟೀನ್ ದ್ರಾವಣವನ್ನು ಮಜ್ಜಿಗೆ ಕಡೆದಂತೆ ಕಡೆಯಬಾರದು. ನೊರೆ ಎದ್ದರೆ ಗಾಳಿ ಮತ್ತು ನೀರು ಸೇರುವ ಅಂಚಿನಲ್ಲಿ ಅಣುಗಳ ಮಡಿಕೆ ಬಿಚ್ಚಿಕೊಳ್ಳುತ್ತದೆ. ವೋರ್ಟೆಕ್ಸ್ ಮೇಲೆ ಎನ್ಜೈಮ್ ಇಡಬಾರದು. ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿದರೆ ಸಾಕು. ಅಮೋನಿಯಂ ಸಲ್ಫೇಟನ್ನು ಪುಡಿಮಾಡಿ, ಐಸ್ ಮೇಲೆ, ಚಿಟಿಕೆ ಚಿಟಿಕೆಯಾಗಿ ಹಾಕಿ. ಒಂದೇ ಸಲ ಸುರಿದರೆ ಸುರಿದ ಜಾಗದಲ್ಲಿ ಉಪ್ಪು ವಿಪರೀತವಾಗಿ, ಬೇಡದ ಪ್ರೋಟೀನೂ ಕೆಳಗಿಳಿಯುತ್ತದೆ.

ಟ್ರಿಸ್ ಬಫರಿನ ಪಿಎಚ್ ಅನ್ನು ಮೇಜಿನ ಮೇಲೆ ಸರಿಮಾಡಿ ಕೋಲ್ಡ್ ರೂಮಿಗೆ ಒಯ್ಯಬಾರದು. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಅದು ಸುಮಾರು 0.03ರಷ್ಟು ಜಾರುತ್ತದೆ, 25 ಡಿಗ್ರಿಯಲ್ಲಿ 8.0 ಇದ್ದದ್ದು 4 ಡಿಗ್ರಿಯಲ್ಲಿ 8.6ರ ಹತ್ತಿರ. ಯಾವ ತಾಪದಲ್ಲಿ ಬಳಸುತ್ತೀರೋ ಅದೇ ತಾಪದಲ್ಲಿ ಅಳೆಯಿರಿ. ಸೋಡಿಯಂ ಫಾಸ್ಫೇಟ್ ಬಫರಿನಲ್ಲಿಟ್ಟ ಪ್ರೋಟೀನನ್ನು ಹಾಗೇ ಫ್ರೀಜರಿಗೆ ತಳ್ಳಬಾರದು: ಹೆಪ್ಪುಗಟ್ಟುವಾಗ ಡೈಸೋಡಿಯಂ ಲವಣ ಮೊದಲು ಹರಳಾಗಿ, ಉಳಿದ ದ್ರವ ಆಮ್ಲೀಯವಾಗುತ್ತದೆ.

ಸ್ಟಾಕನ್ನು ಚಿಕ್ಕ ಚಿಕ್ಕ ಪಾಲು ಮಾಡಿಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಡಯಾಲಿಸಿಸ್ ಚೀಲವನ್ನು ತುಂಬಾ ತುಂಬಿ ಕಟ್ಟಬೇಡಿ. ರಾತ್ರಿಯಿಡೀ ನೀರು ಒಳಗೆ ನುಗ್ಗುತ್ತದೆ, ಬೆಳಿಗ್ಗೆ ಬಂದು ನೋಡಿದರೆ ಒಡೆದ ಚೀಲವಷ್ಟೇ ಉಳಿದಿರುತ್ತದೆ.

ಎಲ್ಲ ಪ್ರೋಟೀನೂ ಇಷ್ಟು ಸುಕೋಮಲವಲ್ಲ. ರೈಬೋನ್ಯೂಕ್ಲಿಯೇಸ್ ಎಂಬ 124 ಅಮೈನೋ ಆಮ್ಲಗಳ ಪುಟ್ಟ ಎನ್ಜೈಮ್ ನಾಲ್ಕು ಡೈಸಲ್ಫೈಡ್ ಕೊಂಡಿಗಳ ಬಲದಿಂದ ಕುದಿಸಿದರೂ ಜಗ್ಗುವುದಿಲ್ಲ. ಆರ್ಎನ್ಎ ಕೆಲಸ ನಡೆಯುವ ಮೇಜಿಗೆ ಅದನ್ನು ತರಬಾರದು, ಆ ಮೇಜಿನ ಪಿಪೆಟ್‌ಗಳನ್ನು ಇತರರು ಮುಟ್ಟಬಾರದು.

ಎನ್ಜೈಮ್

ಜೊಲ್ಲಿನ ಅಮೈಲೇಸ್ ಪ್ರಯೋಗಕ್ಕೆ ನಿಮ್ಮ ಜೊಲ್ಲು ಮಾತ್ರ; ಸ್ನೇಹಿತರದ್ದು ಬೇಡ. ಬಾಯಿ ಮುಕ್ಕಳಿಸಿ ಬನ್ನಿ. ಕುದಿಸಿದ ಎನ್ಜೈಮಿನ ಕಂಟ್ರೋಲ್ ಟ್ಯೂಬ್ ಇಲ್ಲದೆ ಫಲಿತಾಂಶ ತೋರಿಸಬಾರದು. ಎನ್ಜೈಮನ್ನು ಕೊನೆಗೆ ಹಾಕಿ, ಹಾಕಿದ ಕೂಡಲೆ ಗಡಿಯಾರ ಒತ್ತಿ. ವೇಗ ಎಂದರೆ ಆರಂಭದ ವೇಗ; ಅರ್ಧ ಗಂಟೆಯ ನಂತರ ಪಿಷ್ಟವೇ ಮುಗಿದಿರುವಾಗ ತೆಗೆದ ರೀಡಿಂಗಿಗೆ ಮೈಕೆಲಿಸ್–ಮೆಂಟನ್ ಸಮೀಕರಣ ಹಚ್ಚಬಾರದು. ಟ್ರಿಪ್ಸಿನ್ ಸ್ಟಾಕನ್ನು 1 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ತಣ್ಣಗೆ ಇಡಿ. ತಟಸ್ಥ ಬಫರಿನಲ್ಲಿಟ್ಟರೆ ಅದು ತನ್ನನ್ನೇ ತಿಂದುಕೊಳ್ಳುತ್ತದೆ.

ಜೆಲ್

ಅಕ್ರಿಲಮೈಡ್ ನರವಿಷ, ಚರ್ಮದ ಮೂಲಕವೂ ಒಳಹೋಗುತ್ತದೆ. ಪುಡಿ ತೂಗುವುದು ನಾನಿದ್ದಾಗ ಮಾತ್ರ, ಮಾಸ್ಕ್ ಮತ್ತು ಗ್ಲೌಸ್ ಹಾಕಿಕೊಂಡೇ. ಜೆಲ್ ಗಟ್ಟಿಯಾದ ಮೇಲೂ ಬರಿಗೈಯಲ್ಲಿ ಮುಟ್ಟಬೇಡಿ. ಬೆಸೆಯದೆ ಉಳಿದದ್ದು ಸ್ವಲ್ಪವಾದರೂ ಇರುತ್ತದೆ. ಗ್ಲೌಸ್ ಹಾಕಿದ ಕೈಯಲ್ಲಿ ಮೊಬೈಲ್, ಬಾಗಿಲ ಹಿಡಿ, ಮೂಗಿನ ಮೇಲಿನ ಕನ್ನಡಕ ಮುಟ್ಟಬಾರದು.

ಜೆಲ್ ಗಟ್ಟಿಯಾಗದಿದ್ದರೆ ಟೆಮೆಡ್ ಮತ್ತಷ್ಟು ಸುರಿಯಬೇಡಿ. ಮೊದಲು ಅಮೋನಿಯಂ ಪರ್‌ಸಲ್ಫೇಟ್ ಹೊಸದೇ ಎಂದು ನೋಡಿ. ಪೊಟ್ಯಾಸಿಯಂ ಲವಣವಿರುವ ಬಫರನ್ನು ಎಸ್‌ಡಿಎಸ್ ಜೊತೆ ಬೆರೆಸಬೇಡಿ, ಬಿಳಿಯಾಗಿ ಗಡ್ಡೆಗಟ್ಟುತ್ತದೆ. ವಿದ್ಯುತ್ ಹರಿಯುತ್ತಿರುವಾಗ ಮುಚ್ಚಳ ತೆಗೆಯಬಾರದು.

ರೆಕಾರ್ಡ್, ಸಿಂಕ್, ಫ್ರಿಜ್

ರೀಡಿಂಗ್ ಬಂದದ್ದು ಬಂದ ಹಾಗೆ, ಪೆನ್ನಿನಲ್ಲಿ, ಆಗಲೇ ಬರೆಯಿರಿ. ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ವೈಟ್ನರ್ ಬೇಡ. ಐದು ಬಿಂದುಗಳೂ ಗೆರೆಯ ಮೇಲೆ ಕರಾರುವಾಕ್ಕಾಗಿ ಕೂತ ಗ್ರಾಫ್ ತಂದವರನ್ನು ಎದುರಿಗೇ ಮತ್ತೊಮ್ಮೆ ಮಾಡಲು ಹೇಳಲಾಗುವುದು.

ತಾಮ್ರ, ಸೀಸದ ದ್ರಾವಣಗಳು ಗುರುತು ಹಾಕಿದ ಕ್ಯಾನುಗಳಿಗೆ ಹೋಗಬೇಕು, ಸಿಂಕಿಗಲ್ಲ. ಸೋಡಿಯಂ ಅಜೈಡ್ ಇರುವ ಬಫರನ್ನಂತೂ ಲೋಹದ ಪೈಪಿಗೆ ಬಿಡಲೇಬಾರದು. ತಾಮ್ರ, ಸೀಸದೊಂದಿಗೆ ಸೇರಿ ಸ್ಫೋಟಕ ಲವಣವಾಗುತ್ತದೆ. ಇಂಥ ಬಫರಿನ ಬಾಟಲಿಯ ಮೇಲೆ ‘ಅಜೈಡ್’ ಎಂದು ಕೆಂಪು ಶಾಯಿಯಲ್ಲಿ ಬರೆದಿರಬೇಕು.

ಊಟದ ಡಬ್ಬಿ, ಮೊಸರಿನ ಪೊಟ್ಟಣ ಪ್ರಯೋಗಾಲಯದ ಫ್ರಿಜ್‌ನಲ್ಲಿ ಇಡಬಾರದು. ಹೆಸರು, ದಿನಾಂಕ, ಒಳಗಿರುವುದೇನು ಎಂದು ಬರೆಯದ ಟ್ಯೂಬ್‌ಗಳನ್ನು ಶನಿವಾರ ಸಂಜೆ ಅಟೆಂಡರ್ ಎತ್ತಿ ಎಸೆಯುತ್ತಾರೆ. ಸೋಮವಾರ ಬಂದು ಅವರ ಮೇಲೆ ರೇಗಬೇಡಿ, ಹಾಗೆ ಮಾಡಲು ಹೇಳಿರುವವಳು ನಾನು.

— ಪ್ರಯೋಗಾಲಯದ ಉಸ್ತುವಾರಿ