ತರ್ಕಶಾಸ್ತ್ರವೂ ಹುಲ್ಲಿನ ಯಂತ್ರವೂ

ಯಂತ್ರಗಳ ಗೊಡವೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಸೇರಿದ್ದು, ಕಲಾ ವಿಭಾಗದವರಿಗೆ ಅದು ಬೇಡವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಹಾಗೆಯೇ ತರ್ಕಶಾಸ್ತ್ರವೆಂಬುದು ಪಿ.ಯು.ಸಿ. ಪರೀಕ್ಷೆಗೆ ಮಾತ್ರ ಬೇಕಾದದ್ದು, ಹೊಟ್ಟೆಪಾಡಿಗೆ ಬಾರದ್ದು ಎಂದು ಹೇಳುವವರೂ ಉಂಟು. ಈ ಎರಡು ಅಭಿಪ್ರಾಯಗಳೂ ಸರಿಯಲ್ಲವೆಂಬುದನ್ನು, ಸ್ಟಾರ್ಟ್ ಆಗದೆ ನಿಂತುಹೋದ ಒಂದು ಹಳೆಯ ಹುಲ್ಲು ಕತ್ತರಿಸುವ ಯಂತ್ರದ ಉದಾಹರಣೆಯಿಂದ ತೋರಿಸುವುದೇ ಈ ಪುಟ್ಟ ಲೇಖನದ ಉದ್ದೇಶ.

ಮೊದಲು ಯಂತ್ರದ ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲೆದ್ದ ಎಳೆಗಳನ್ನು ಸಮನಾಗಿ ಕತ್ತರಿಸುವ ಯಂತ್ರವನ್ನು ಕಂಡು, ಹುಲ್ಲಿಗೂ ಇದೇ ಕ್ರಮ ಏಕೆ ಸಲ್ಲಬಾರದೆಂದು ಯೋಚಿಸಿದವನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್. ಅವನು 1830ರಲ್ಲಿ ಪೇಟೆಂಟ್ ಪಡೆದದ್ದು ಕೈಯಿಂದ ನೂಕುವ ಯಂತ್ರಕ್ಕೆ. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೋ ನಾಲ್ಕು ಹೊಡೆತದ ಎಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ ಮೇಲೆ, ಪೆಟ್ರೋಲ್ ಎಂಜಿನ್ ಹುಲ್ಲಿನ ಯಂತ್ರವನ್ನೂ ಏರಿತು. ಈಗ ದೊಡ್ಡ ಮೈದಾನಗಳಲ್ಲಿ ಕಾಣುವುದು, ಮಾಲಿಯು ಮೇಲೆ ಕುಳಿತು ಪುಟ್ಟ ಟ್ರ್ಯಾಕ್ಟರಿನಂತೆ ನಡೆಸುವ ಯಂತ್ರ. ಮುಂದುಗಡೆ ಎಂಜಿನ್, ಹೊಟ್ಟೆಯ ಕೆಳಗೆ ಬೆಲ್ಟಿನಿಂದ ತಿರುಗುವ ಅಲಗುಗಳು, ಸೀಟಿನ ಅಡಿಯಲ್ಲಿ 12 ವೋಲ್ಟಿನ ಬ್ಯಾಟರಿ. ಇಷ್ಟೇ ಅದರ ಸಂಸಾರ.

ನಮ್ಮ ತಂದೆಯವರು ನಮ್ಮೂರಿನ ಒಂದು ಆಟದ ಮೈದಾನದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮಾಲಿಯಾಗಿದ್ದಾರೆ. ಕೆಲಸ ಇಂದಿಗೂ ಖಾಯಂ ಆಗಿಲ್ಲ. ಅಲ್ಲಿನ ಯಂತ್ರವು ಬೇಸಿಗೆಯಲ್ಲಿ ನಾಲ್ಕು ತಿಂಗಳು ಷೆಡ್ಡಿನಲ್ಲಿ ಮಲಗಿ, ಮುಂಗಾರು ಮಳೆ ಬಿದ್ದು ಹುಲ್ಲು ಎದ್ದಾಗ ಎಚ್ಚರಗೊಳ್ಳುವುದು ವಾಡಿಕೆ. ಕಳೆದ ಜೂನ್ ತಿಂಗಳಲ್ಲಿ ಅದು ಎಚ್ಚರಗೊಳ್ಳಲಿಲ್ಲ. ಕೀಲಿ ತಿರುಗಿಸಿದರೆ ಒಂದೇ ಒಂದು 'ಟಿಕ್' ಶಬ್ದ, ಆಮೇಲೆ ಮೌನ. ಕರೆಸಿದ ಮೆಕ್ಯಾನಿಕ್ಕರು ತಮ್ಮಲ್ಲಿದ್ದ ಒಳ್ಳೆಯ ಬ್ಯಾಟರಿಯನ್ನು ಕೂರಿಸಿ ನೋಡಿದರು. ಮತ್ತೆ ಅದೇ 'ಟಿಕ್'. "ಬ್ಯಾಟರಿ ಸರಿಯಿದ್ದೂ ತಿರುಗುತ್ತಿಲ್ಲವೆಂದರೆ ಎಂಜಿನ್ ಹಿಡಿದುಕೊಂಡಿದೆ, ಬೇರೆ ಎಂಜಿನ್ನೇ ಹಾಕಬೇಕು" ಎಂದು ಹೇಳಿ ಹೋದರು. ಎಂಜಿನ್ನಿನ ಬೆಲೆ ಕೇಳಿದ ಮೈದಾನದ ಸಮಿತಿಯವರು, ಯಂತ್ರವನ್ನು ಗುಜರಿಗೆ ಹಾಕಿ ಹುಲ್ಲು ಕತ್ತರಿಸುವುದನ್ನು ಗುತ್ತಿಗೆಗೆ ಕೊಡುವ ಯೋಚನೆ ಮಾಡಿದರು. ಗುತ್ತಿಗೆದಾರನು ತನ್ನ ಯಂತ್ರದೊಡನೆ ತನ್ನ ಆಳನ್ನೂ ತರುವನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂದೆಯವರು ಆ ರಾತ್ರಿ ಊಟಕ್ಕೆ ಕುಳಿತಾಗ, "ಏನಪ್ಪಾ, ನೀನು ಓದುವ ಪುಸ್ತಕದಲ್ಲಿ ಇದಕ್ಕೆ ಏನಾದರೂ ಬರೆದಿದೆಯೇ?" ಎಂದು ಕೇಳಿದರು. ಅವರು ತಮಾಷೆಗೆ ಕೇಳಿದ್ದಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ.

ಬರೆದಿತ್ತೆಂದೇ ಹೇಳಬೇಕು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿ ಕಾರಣವನ್ನು ಕಂಡುಹಿಡಿಯುವ ಐದು ವಿಧಾನಗಳನ್ನು ವಿವರಿಸಿದ್ದಾನೆ. ಅವುಗಳಲ್ಲಿ ಮುಖ್ಯವಾದದ್ದು ವ್ಯತಿರೇಕ ವಿಧಾನ: ಉಳಿದೆಲ್ಲವನ್ನೂ ಇದ್ದಂತೆಯೇ ಇರಿಸಿ, ಒಂದನ್ನು ಮಾತ್ರ ಬದಲಾಯಿಸಿ, ಫಲ ಬದಲಾಗುವುದೇ ಎಂದು ನೋಡುವುದು. ನಮ್ಮ ನ್ಯಾಯಶಾಸ್ತ್ರದವರೂ ಅನ್ವಯ ವ್ಯತಿರೇಕಗಳ ವಿಚಾರವನ್ನು ಬಹುಕಾಲದ ಹಿಂದೆಯೇ ಮಾಡಿದ್ದಾರೆ. ಮೆಕ್ಯಾನಿಕ್ಕರು ಬ್ಯಾಟರಿಯೊಂದನ್ನೇ ಬದಲಾಯಿಸಿದ್ದು ಈ ವಿಧಾನಕ್ಕೆ ಅನುಸಾರವಾಗಿಯೇ ಇತ್ತು. ಅದರಿಂದ ಸಿದ್ಧವಾದದ್ದು 'ದೋಷ ಬ್ಯಾಟರಿಯೊಂದರಲ್ಲೇ ಇಲ್ಲ' ಎಂಬಷ್ಟು ಮಾತ್ರ. ಬ್ಯಾಟರಿಗೂ ಎಂಜಿನ್ನಿಗೂ ನಡುವೆ ಇರುವ ವಸ್ತುಗಳು ವಿಚಾರಣೆಗೆ ಬರದೆ ಉಳಿದಿದ್ದವು.

ಆದ್ದರಿಂದ ಮೊದಲು ಯಂತ್ರಕ್ಕೆ ಏನೇನು ಬೇಕೆಂಬುದನ್ನು ಒಂದು ಕಾಗದದ ಮೇಲೆ ಬರೆದುಕೊಂಡೆವು. ಎಂಜಿನ್ ಹೊರಡಬೇಕಾದರೆ ಅದನ್ನು ತಿರುಗಿಸುವ ಶಕ್ತಿ ಬೇಕು. ಸಿಲಿಂಡರಿನಲ್ಲಿ ಒತ್ತಡ ಬೇಕು. ಸಕಾಲಕ್ಕೆ ಕಿಡಿ ಬೇಕು. ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲ್ ಬೇಕು. ಈ ನಾಲ್ಕರಲ್ಲಿ ಯಾವುದು ತಪ್ಪಿದರೂ ಎಂಜಿನ್ ಹೊರಡದು. ಪರೀಕ್ಷಿಸುವ ಕ್ರಮವಾದರೋ ಹೀಗೆ: ಹಣ ಖರ್ಚಾಗದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ.

ಇಂಥ ಯಂತ್ರಗಳಿಗೆ ಒಂದು ವಿಶೇಷವುಂಟು. ಸವಾರನ ರಕ್ಷಣೆಗಾಗಿ ಬ್ರೇಕ್ ಪೆಡಲಿಗೆ, ಅಲಗಿನ ಹಿಡಿಗೆ, ಸೀಟಿನ ಅಡಿಗೆ ಒಂದೊಂದು ಸ್ವಿಚ್ ಇರುತ್ತದೆ. ಬ್ರೇಕ್ ತುಳಿಯದಿದ್ದರೆ, ಅಥವಾ ಅಲಗಿನ ಹಿಡಿ ಮುಂದಿದ್ದರೆ, ಕೀಲಿ ತಿರುಗಿಸಿದರೂ ಯಂತ್ರ ತುಟಿ ಬಿಚ್ಚುವುದಿಲ್ಲ. ಕೆಲವು ಯಂತ್ರಗಳಲ್ಲಿ ಸೀಟಿನ ಮೇಲೆ ಆಳು ಕುಳಿತಿರಲೂಬೇಕು. ಏನೊಂದೂ ಶಬ್ದವಿಲ್ಲದಿದ್ದರೆ ಈ ಸ್ವಿಚ್ಚುಗಳನ್ನೂ ಫ್ಯೂಸನ್ನೂ ಮೊದಲು ನೋಡಬೇಕು. 'ಟಿಕ್‌ಟಿಕ್‌ಟಿಕ್' ಎಂದು ಬೇಗಬೇಗನೆ ಬಡಿದರೆ ಸಾಮಾನ್ಯವಾಗಿ ಬ್ಯಾಟರಿ ಸೊರಗಿರುತ್ತದೆ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ನಮ್ಮ ಯಂತ್ರ ಒಂದೇ ಸಲ 'ಟಿಕ್' ಎಂದಿತಷ್ಟೆ. ಎಂದರೆ ಕೀಲಿಯ ಆಜ್ಞೆ ಸೊಲೆನಾಯ್ಡ್‌ವರೆಗೆ ತಲುಪುತ್ತಿತ್ತು. ಸ್ಟಾರ್ಟರ್ ಮೋಟಾರಿಗೆ ಬೇಕಾದಷ್ಟು ಕರೆಂಟು ಮಾತ್ರ ಹರಿಯುತ್ತಿರಲಿಲ್ಲ, ಇಲ್ಲವೇ ಎಂಜಿನ್ ನಿಜವಾಗಿಯೂ ಹಿಡಿದುಕೊಂಡಿತ್ತು.

ಇವೆರಡರಲ್ಲಿ ಯಾವುದು? ಇದನ್ನು ನಿರ್ಧರಿಸಲು ದುಡ್ಡು ಬೇಕಿರಲಿಲ್ಲ. ಕೀಲಿಯನ್ನು ತೆಗೆದಿಟ್ಟು, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಎಂಜಿನ್ನಿನ ಮೇಲಿನ ಜಾಲರಿಯನ್ನು ತಂದೆಯವರು ಕೈಯಿಂದಲೇ ತಿರುಗಿಸಿದರು. ಅದು ಸಲೀಸಾಗಿ ತಿರುಗಿತು. ಎಂಜಿನ್ ಹಿಡಿದುಕೊಂಡಿಲ್ಲವೆಂಬುದು ಅಷ್ಟರಿಂದಲೇ ಸಿದ್ಧವಾಯಿತು. ಇನ್ನು ಉಳಿದದ್ದು ಕರೆಂಟಿನ ದಾರಿ. ನೆರೆಮನೆಯ ಎಲೆಕ್ಟ್ರಿಷಿಯನ್ ಅಣ್ಣನಿಂದ ಮೀಟರನ್ನು ಕೇಳಿ ತಂದು, ಅದರ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಒತ್ತಿಹಿಡಿದೆವು; ತಂದೆಯವರು ಸೀಟಿನ ಮೇಲೆ ಕುಳಿತು ಕೀಲಿ ತಿರುಗಿಸಿದರು. ಅರ್ತಿಂಗ್ ಸರಿಯಾಗಿದ್ದರೆ ಆ ಕ್ಷಣದಲ್ಲಿ ಮುಳ್ಳು ಅರ್ಧ ವೋಲ್ಟನ್ನೂ ದಾಟಬಾರದು. ನಮ್ಮದು ಎಂಟು ವೋಲ್ಟಿಗೆ ಜಿಗಿಯಿತು. ಅರ್ತಿಂಗ್ ವೈರು ಚಾಸಿಗೆ ಸೇರುವ ಬೋಲ್ಟನ್ನು ಬಿಚ್ಚಿ ನೋಡಿದರೆ ಅಡಿಯಲ್ಲೆಲ್ಲ ತುಕ್ಕು. ಹೊಸ ಬ್ಯಾಟರಿಯೂ ಇದೇ ತುಕ್ಕಿನ ಮೂಲಕವೇ ಕರೆಂಟು ಕಳಿಸಬೇಕಾಗಿತ್ತಲ್ಲವೇ! ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಆ ಜಾಗವನ್ನು ಸ್ಯಾಂಡ್ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಬೋಲ್ಟನ್ನು ಬಿಗಿದೆವು. ಪ್ಲಗ್ಗನ್ನೂ ಮೊದಲಿನಂತೆ ಕೂರಿಸಿ ಕೀಲಿ ತಿರುಗಿಸಿದಾಗ, ಎಂಜಿನ್ ಗರಗರನೆ ತಿರುಗಿತು. ಆದರೆ ಹೊರಡಲಿಲ್ಲ.

ಓದುಗರು ಗಮನಿಸಬೇಕಾದ ಸ್ಥಳ ಇದೇ. ಕೊನೆಯ ಫಲವನ್ನಷ್ಟೇ ನೋಡುವವನು, 'ಅರ್ತಿಂಗ್ ಸರಿಮಾಡಿದರೂ ಹೊರಡಲಿಲ್ಲ, ಆದ್ದರಿಂದ ದೋಷ ಅದರಲ್ಲಿರಲಿಲ್ಲ' ಎಂದು ತೀರ್ಮಾನಿಸಿಬಿಡುವನು. ಅದು ತಪ್ಪು ಅನುಮಾನ. ಒಂದು ಬೀದಿಯಲ್ಲಿ ಎರಡು ಗೇಟುಗಳು ಮುಚ್ಚಿದ್ದರೆ, ಮೊದಲನೆಯದನ್ನು ತೆರೆದ ಮಾತ್ರಕ್ಕೆ ಊರು ಸೇರಲಾಗದು. ಹಾಗೆಂದು ಮೊದಲನೆಯ ಗೇಟು ತಡೆಯೇ ಅಲ್ಲವೆನ್ನಲಾಗದು. ವ್ಯತಿರೇಕ ವಿಧಾನವನ್ನು ಬಳಸುವವನು ಕೊನೆಯ ಫಲವನ್ನು ಮಾತ್ರವಲ್ಲ, ನಡುವಿನ ಹಂತಗಳನ್ನೂ ನೋಡಬೇಕು. 'ಟಿಕ್' ಎಂಬುದು 'ಗರಗರ' ಆದದ್ದೇ ಒಂದು ಫಲ.

ಇನ್ನು ಎರಡನೆಯ ಗೇಟು. ಪ್ಲಗ್ಗನ್ನು ಮತ್ತೆ ಬಿಚ್ಚಿದೆವು. ಪ್ಲಗ್ಗಿನ ತುದಿ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿಯ ಮೇಲೆ ಅನುಮಾನ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲವೆಂಬ ಅನುಮಾನ. ಅದು ಒಣಗಿತ್ತು. ಖಚಿತಪಡಿಸಿಕೊಳ್ಳಲು ಗಾಳಿ ಶೋಧಕವನ್ನು ತೆಗೆದು, ಕಾರ್ಬೊರೇಟರಿನ ಬಾಯಿಗೆ ಒಂದು ಚಮಚ ಹೊಸ ಪೆಟ್ರೋಲ್ ಹಾಕಿ, ಡಬ್ಬಿಯನ್ನು ದೂರ ಇರಿಸಿ, ಎಲ್ಲರೂ ಮುಖ ಹಿಂದಕ್ಕೆ ಸರಿಸಿ ಕೀಲಿ ತಿರುಗಿಸಿದೆವು. ಎಂಜಿನ್ ಎರಡು ಮೂರು ಕ್ಷಣ ಗರ್ಜಿಸಿ ನಿಂತಿತು. ಆ ಒಂದು ಚಮಚ ಪೆಟ್ರೋಲ್ ಎಷ್ಟು ಸಂಗತಿಗಳನ್ನು ಹೇಳಿತು! ಒತ್ತಡ ಇದೆ, ಕಿಡಿ ಇದೆ; ಇಲ್ಲದಿರುವುದು ಪೆಟ್ರೋಲ್ ಬರುವ ದಾರಿ ಮಾತ್ರ. ಕಾರ್ಬೊರೇಟರಿನ ಕೆಳಬಟ್ಟಲನ್ನು ಬಿಚ್ಚಿದಾಗ ತಳದಲ್ಲಿ ನೀರೂ ಅಂಟಾದ ಮಡ್ಡಿಯೂ ಇದ್ದವು. ಜೆಟ್ಟಿನ ಸೂಜಿರಂಧ್ರ ಮುಚ್ಚಿಹೋಗಿತ್ತು.

ಇದಕ್ಕೂ ಕಾರಣವುಂಟು. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. ಶೇಕಡ 20ರಷ್ಟು ಎಥನಾಲ್ ಇರುವ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥನಾಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ದಿನವೂ ಓಡುವ ವಾಹನದಲ್ಲಿ ಇದು ಅಷ್ಟಾಗಿ ಬಾಧಿಸದು. ತಿಂಗಳುಗಟ್ಟಲೆ ನಿಂತ ಯಂತ್ರದಲ್ಲಾದರೋ ನೀರು ಎಥನಾಲಿನೊಡನೆ ತಳಕ್ಕೆ ಇಳಿಯುತ್ತದೆ, ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಮಡ್ಡಿ ಉಳಿಯುತ್ತದೆ. ಇಂಥ ಸಣ್ಣ ಎಂಜಿನ್ನುಗಳ ತಯಾರಕರಲ್ಲಿ ಹಲವರು ಶೇಕಡ 10ಕ್ಕಿಂತ ಹೆಚ್ಚು ಎಥನಾಲ್ ಸಲ್ಲದೆಂದು ತಮ್ಮ ಕೈಪಿಡಿಗಳಲ್ಲಿ ಹೇಳಿರುವುದೂ ಉಂಟು. ಆದ್ದರಿಂದ ಯಂತ್ರವನ್ನು ಬೇಸಿಗೆಗೆ ಮಲಗಿಸುವ ಮುನ್ನ ಟ್ಯಾಂಕನ್ನು ಬರಿದು ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ನನ್ನು ಓಡಿಸಿ ನಿಲ್ಲಿಸುವುದು ಕ್ಷೇಮ. ಈ ಕೆಲಸಗಳನ್ನೆಲ್ಲ ಬಯಲಿನಲ್ಲಿಯೇ ಮಾಡಬೇಕು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನಿನ ಹೊಗೆ ಪ್ರಾಣಕ್ಕೇ ಅಪಾಯ. ಅಲಗಿನ ಬಳಿ ಕೈ ಹಾಕುವ ಮುನ್ನ ಪ್ಲಗ್ಗಿನ ತಂತಿಯನ್ನು ಕಳಚಿಡಬೇಕು.

ಜೆಟ್ಟನ್ನು ತೊಳೆದು, ಹಳೆಯ ಪೆಟ್ರೋಲನ್ನು ಹೊರಗೆ ತೆಗೆದು ಹೊಸದನ್ನು ಹಾಕಿದ ಮೇಲೆ ಯಂತ್ರ ಹೊರಟಿತು. ಖರ್ಚಾದದ್ದು ಒಂದು ಹಾಳೆ ಸ್ಯಾಂಡ್ ಪೇಪರ್, ಎರಡು ಲೀಟರ್ ಪೆಟ್ರೋಲ್. ಗುತ್ತಿಗೆಯ ಮಾತು ಸಮಿತಿಯಲ್ಲಿ ಸದ್ಯಕ್ಕೆ ನಿಂತಿದೆ. ತಂದೆಯವರ ಕೆಲಸ ಖಾಯಂ ಆಗುವುದು ಬೇರೆಯ ಪ್ರಶ್ನೆ. ಅದಕ್ಕೆ ತರ್ಕವೊಂದೇ ಸಾಲದು.

ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಮ್ಮಲ್ಲಿ ಅನೇಕರು ಮಾಲಿಗಳ, ಕೂಲಿಗಾರರ, ಸಣ್ಣ ರೈತರ ಮನೆಗಳಿಂದ ಬಂದವರು. ನಮ್ಮ ಮನೆಯವರು ನಮ್ಮ ಓದನ್ನು ನಂಬಿ ಒಂದು ಪ್ರಶ್ನೆ ಕೇಳಿದಾಗ, 'ಅದು ನನ್ನ ವಿಷಯವಲ್ಲ' ಎಂದು ಕೈತೊಳೆದುಕೊಳ್ಳುವುದು ಬೇಡ. ಪಂಪ್‌ಸೆಟ್ ನಿಂತಿರಲಿ, ಪಿಂಚಣಿಯ ಅರ್ಜಿ ನಿಂತಿರಲಿ, ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಹಂತಹಂತವಾಗಿ ಕೇಳುತ್ತ ಹೋಗುವುದನ್ನು ನಮ್ಮ ಅಧ್ಯಾಪಕರು ನಮಗೆ ಕಲಿಸಿದ್ದಾರೆ. ಆ ವಿದ್ಯೆಯನ್ನು ಉತ್ತರಪತ್ರಿಕೆಯಿಂದಾಚೆಗೂ ಒಯ್ಯೋಣ.