ವೇಷ ಯಾವುದು, ನಿಜ ಯಾವುದು? ಎ. ರೇವತಿಯವರ ಏಕವ್ಯಕ್ತಿ ರಂಗಪ್ರಯೋಗ

ಮಧುಗಿರಿ, ಶಿರಾ, ಪಾವಗಡ ಸೀಮೆಯ ನಮಗೆ ನಾಟಕ ಅಂದರೆ ಮೊದಲು ನೆನಪಾಗೋದು ‘ಕುರುಕ್ಷೇತ್ರ’. ಬಲಸಮುದ್ರದಂಥ ಊರುಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಟ್ಟು, ಬಾಡಿಗೆ ಸೀನರಿ ಕಟ್ಟಿ, ಬೆಳಗಾಗುವವರೆಗೂ ನಡೆಯುವ ಆಟ ಅದು. ಅಲ್ಲಿ ಯಾರು ಗಂಡು, ಯಾರು ಹೆಣ್ಣು ಅನ್ನೋದು ಕೊನೇ ಸಾಲಿನಲ್ಲಿ ಕೂತವರಿಗೂ ಗೊತ್ತಾಗುತ್ತೆ. ಮೀಸೆ, ಗದೆ, ಕಿರೀಟ ಒಂದು ಕಡೆ. ಸೀರೆ, ಜಡೆ ಇನ್ನೊಂದು ಕಡೆ.

ವೇಷದೊಳಗೆ ಇರುವವರು ಯಾರಾದರೂ ಆಗಬಹುದು. ನಮ್ಮದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿಯ ಶುರುವಿನ ಕಾಲದಲ್ಲಿ ಹೆಣ್ಣು ಪಾತ್ರಗಳು ಗಂಡಸರವೇ. ಮುಂದೆ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನಾಗಿ ಗರ್ಜಿಸಿದರು. ಎರಡಕ್ಕೂ ಜನ ಚಪ್ಪಾಳೆ ತಟ್ಟಿದರು. ಪರದೆ ಬಿದ್ದ ಮೇಲೆ ಇವರೆಲ್ಲ ತಮ್ಮ ತಮ್ಮ ಗುರುತಿಗೆ ವಾಪಸ್ ಹೋಗ್ತಾರೆ ಅನ್ನೋ ನಂಬಿಕೆ ಆ ಚಪ್ಪಾಳೆಯ ಹಿಂದೆ ಇತ್ತು. ವಾಪಸ್ ಹೋಗಲಾಗದವರ ಕಥೆ ಏನು? ಅದಕ್ಕೇ ಈ ಸಲದ ಪಾಠಕ್ಕೆ ನಾವು ಎ. ರೇವತಿಯವರನ್ನು ಆರಿಸಿಕೊಂಡಿದ್ದೇವೆ.

ರೇವತಿಯವರು ಹುಟ್ಟಿದ್ದು ತಮಿಳುನಾಡಿನ ನಾಮಕ್ಕಲ್ ಸೀಮೆಯ ಹಳ್ಳಿಯಲ್ಲಿ, ಮನೆಯವರ ಲೆಕ್ಕದಲ್ಲಿ ಗಂಡುಮಗುವಾಗಿ. ಊರ ಮಾರಮ್ಮನ ಹಬ್ಬದಲ್ಲಿ ಒಮ್ಮೆ ಕೊರವಂಜಿ ವೇಷ ಹಾಕಿದರು. ಊರೆಲ್ಲ ಹೊಗಳಿತು. ಅವರಿಗೆ ಮಾತ್ರ, ಸೀರೆ ಬಿಚ್ಚಿ ಮತ್ತೆ ಗಂಡುಡುಗೆ ತೊಟ್ಟಾಗಲೇ ತಾನು ವೇಷ ಹಾಕಿದ ಹಾಗೆ ಅನ್ನಿಸಿತಂತೆ! ಈ ಒಂದು ಪ್ರಸಂಗ ಸಾಕು, ರಂಗಭೂಮಿ ಬಗ್ಗೆ ನಾವು ಕಲಿತದ್ದನ್ನೆಲ್ಲ ತಲೆಕೆಳಗು ಮಾಡೋಕೆ. ಹಬ್ಬದ ದಿನ ಮೆಚ್ಚುಗೆ ತಂದ ಹೆಣ್ತನವೇ ಮನೆಯೊಳಗೆ ಏಟು ತಂದಿತು. ಮನೆ ಬಿಟ್ಟು ಹಿಜ್ರಾ ಸಮುದಾಯ ಸೇರಿದರು. ದೆಹಲಿ, ಮುಂಬೈ ಸುತ್ತಿ ಬೆಂಗಳೂರಿಗೆ ಬಂದರು. ಇಲ್ಲಿನ ‘ಸಂಗಮ’ ಸಂಸ್ಥೆಯಲ್ಲಿ ಸಣ್ಣ ಕೆಲಸಕ್ಕೆ ಸೇರಿ ನಿರ್ದೇಶಕಿಯ ಹುದ್ದೆವರೆಗೂ ಏರಿದರು.

ಅವರ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಬಂತು. ದು. ಸರಸ್ವತಿಯವರು ಅದನ್ನು ‘ಬದುಕು ಬಯಲು’ ಅಂತ ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ಎಂ. ಗಣೇಶ್ ಅವರ ನಿರ್ದೇಶನದಲ್ಲಿ ನಾಟಕ ಮಾಡಿತು. ಆಮೇಲೆ ರೇವತಿಯವರೇ ಒಬ್ಬರೇ ರಂಗಕ್ಕೆ ಇಳಿದರು: ಎ. ಮಂಗೈ ನಿರ್ದೇಶನದ ತಮಿಳು ಏಕವ್ಯಕ್ತಿ ಪ್ರಯೋಗ ‘ವೆಳ್ಳೈ ಮೊಳಿ’. ಪದಶಃ ಬಿಳಿ ಮಾತು. ಒಳಗೊಂದು ಹೊರಗೊಂದು ಇಲ್ಲದ ಮಾತು ಅಂತ ನಾವು ಓದಿಕೊಂಡೆವು.

ಏಕವ್ಯಕ್ತಿ ಅಂದರೆ ಬರೀ ‘ಒಬ್ಬರೇ ಮಾಡೋದು’ ಅಲ್ಲ. ಎದುರು ಪಾತ್ರಧಾರಿ ಇಲ್ಲ. ಅಮ್ಮ ಅತ್ತರೂ, ಅಣ್ಣ ಬೈದರೂ, ಪೊಲೀಸಿನವನು ಗದರಿಸಿದರೂ ಎಲ್ಲ ಅದೇ ದೇಹದಿಂದ ಬರಬೇಕು. ನೋಟದ ಎತ್ತರ, ಭುಜದ ಬಿಗಿ, ಎರಡು ಮಾತಿನ ನಡುವಿನ ನಿಲುಗಡೆ, ಇಷ್ಟೇ ಬಂಡವಾಳ. ಸ್ವಂತ ಕಥೆ ಆದಾಗ ಇನ್ನೂ ಕಷ್ಟ. ತನ್ನನ್ನು ಹೆಣ್ಣು ಅಂತ ಒಪ್ಪದವರ ಮಾತನ್ನು ಆ ಹೆಣ್ಣೇ ತನ್ನ ಬಾಯಲ್ಲಿ ಹೇಳಬೇಕು, ಅದೂ ಸೇಡಿನ ದನಿಯಿಲ್ಲದೆ. ಕುರುಕ್ಷೇತ್ರದ ದುರ್ಯೋಧನನಿಗೆ ಇಷ್ಟು ಕಷ್ಟ ಇಲ್ಲ ಬಿಡಿ, ಅವನಿಗೆ ಕಂದಪದ್ಯ ಇದೆ.

2019ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಬಟ್ಲರ್ ಗ್ರಂಥಾಲಯದಲ್ಲಿ, ಹೋಮರ್, ಪ್ಲೇಟೋ ಮುಂತಾದ ಗಂಡಸರ ಹೆಸರು ಕೆತ್ತಿದ ಗೋಡೆಯ ಮೇಲೆ ಲೇಖಕಿಯರ ಹೆಸರಿನ ಬ್ಯಾನರ್ ಕಟ್ಟಿದರು. ಟೋನಿ ಮಾರಿಸನ್, ಮಾಯಾ ಏಂಜೆಲೋ ಜೊತೆ ಅಲ್ಲಿ ಎ. ರೇವತಿ ಅಂತಲೂ ಇತ್ತು.

ಈಗ ನಮ್ಮ ಫೆಸ್ಟಿಗೆ ಬರೋಣ. ಸ್ಕಿಟ್‌ನಲ್ಲಿ ಹುಡುಗ ಸೀರೆ ಉಟ್ಟು ಬಂದರೆ ಸಾಕು, ಸಂಭಾಷಣೆಗೂ ಮೊದಲೇ ಶಿಳ್ಳೆ. ಆ ನಗು ಯಾವುದಕ್ಕೆ? ನಟನೆಗಂತೂ ಅಲ್ಲ, ಅದಿನ್ನೂ ಶುರುವೇ ಆಗಿರಲ್ಲ. ಅದೇ ಸಭಾಂಗಣದಲ್ಲಿ, ಇನ್ನೂ ಯಾರಿಗೂ ಏನೂ ಹೇಳಿಕೊಳ್ಳದ ಒಬ್ಬ ಸಹಪಾಠಿ ಕೂತು ಆ ಶಿಳ್ಳೆ ಕೇಳಿಸಿಕೊಳ್ತಾ ಇರಬಹುದು.

ಮುಂದಿನ ತಾಲೀಮಿಗೆ ಬರುವವರು ಎರಡು ನಿಮಿಷದ ತುಣುಕೊಂದನ್ನು ತಯಾರು ಮಾಡಿಕೊಂಡು ಬನ್ನಿ. ನಿಮ್ಮ ಮನೆಯ ಇಬ್ಬರು, ಒಂದು ಗಂಡು, ಒಂದು ಹೆಣ್ಣು, ಜಗಳ ಆಡ್ತಿದ್ದಾರೆ. ಸೀರೆ, ಮೀಸೆ, ಕೀರಲು ದನಿ ಮೂರೂ ನಿಷಿದ್ಧ. ಪ್ಯಾಂಟು-ಶರ್ಟಿನಲ್ಲೇ ಆಗಲಿ, ಚೂಡಿದಾರಿನಲ್ಲೇ ಆಗಲಿ, ಯಾವ ಮಾತು ಯಾರದ್ದು ಅಂತ ನೋಡುವವರಿಗೆ ಗೊತ್ತಾಗಬೇಕು.