ಹಣ ಪಡೆಯಲು ಪಿನ್ ಬೇಕಾಗಿಲ್ಲ

ದಿಲ್ಲಿಯ ಕರೋಲ್ ಬಾಗ್ ರಾಜಧಾನಿಯ ಪ್ರಮುಖ ವ್ಯಾಪಾರ ಕೇಂದ್ರಗಳಲ್ಲೊಂದು. ಅಜ್ಮಲ್ ಖಾನ್ ರಸ್ತೆಯ ಬಟ್ಟೆ ಅಂಗಡಿಗಳಲ್ಲೂ ಗಫಾರ್ ಮಾರ್ಕೆಟ್ಟಿನ ಮೊಬೈಲ್ ಮಳಿಗೆಗಳಲ್ಲೂ ಜನಸಂದಣಿ ಸಾಮಾನ್ಯ. ಇಂತಹ ಪೇಟೆಗೆ ಹೋಗುವವರಿಗೆ ಹಿಂದೆ ಜೇಬುಗಳ್ಳರ ಭಯವಿತ್ತು. ಮೊಬೈಲ್ ಮೂಲಕ ಹಣ ಪಾವತಿಸುವ ಈ ಕಾಲದಲ್ಲಿ ವಂಚಕನು ನಮ್ಮ ಜೇಬಿಗೆ ಕೈ ಹಾಕಬೇಕಾಗಿಲ್ಲ. ನಮ್ಮ ಕೈಯಿಂದಲೇ ಹಣ ಕಳುಹಿಸುವಂತೆ ಮಾಡುತ್ತಾನೆ. ಆದುದರಿಂದ ಈ ವ್ಯವಸ್ಥೆಯ ಸ್ವರೂಪವನ್ನು ಪ್ರತಿಯೊಬ್ಬ ನಾಗರಿಕನೂ ಅರಿತಿರುವುದು ಅವಶ್ಯಕ.

ಪಿನ್ ಎಂದರೇನು?

2008ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಯುಪಿಐ ವ್ಯವಸ್ಥೆಯನ್ನು ಆರಂಭಿಸಿತು. ಇದರಲ್ಲಿ ಹಣವು ಒಂದು ಬ್ಯಾಂಕ್ ಖಾತೆಯಿಂದ ಮತ್ತೊಂದಕ್ಕೆ ಕೆಲವೇ ಕ್ಷಣಗಳಲ್ಲಿ ವರ್ಗಾವಣೆಯಾಗುತ್ತದೆ. ಪಿನ್ ಎಂಬುದು ಚೆಕ್ಕಿನ ಮೇಲಿನ ಸಹಿಗೆ ಸಮಾನ. ಆದರೆ ಚೆಕ್ಕು ನಗದಾಗುವ ಮುನ್ನ ಅದನ್ನು ತಡೆಹಿಡಿಯಬಹುದು. ಇಲ್ಲಿ ಹಣ ಸಂದಾಯವಾದ ಮೇಲೆ ಅಂತಹ ಅವಕಾಶವಿಲ್ಲ. ಹಣ ಕೊಡುವವನು ಸಹಿ ಮಾಡುತ್ತಾನೆಯೇ ಹೊರತು ಪಡೆಯುವವನಲ್ಲ. ಅಂತೆಯೇ ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ.

ವಂಚನೆಯ ಬಗೆಗಳು

ಊರು ಬಿಡುವ ನೌಕರನೊಬ್ಬ ಹಳೆಯ ಮೇಜನ್ನು ಮಾರಲು ಜಾಹೀರಾತು ನೀಡುತ್ತಾನೆಂದು ಭಾವಿಸೋಣ. ಕೊಳ್ಳುವವನ ಸೋಗಿನಲ್ಲಿ ವಂಚಕನು ಕ್ಯೂಆರ್ ಕೋಡ್ ಕಳುಹಿಸಿ, "ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹಣ ಜಮೆಯಾಗುತ್ತದೆ" ಎನ್ನುತ್ತಾನೆ. ಒತ್ತಿದೊಡನೆ ಮಾರುವವನ ಖಾತೆಯಿಂದಲೇ ಹಣ ಹೋಗುತ್ತದೆ. ಹಣ ಕೋರಿಕೆ ಕಳುಹಿಸಿ ಮೋಸಗೊಳಿಸುವುದು ಇನ್ನೊಂದು ಬಗೆ. ವ್ಯಕ್ತಿಗಳ ನಡುವಿನ ಇಂತಹ ಕೋರಿಕೆಯ ಸೌಲಭ್ಯವನ್ನು 2025ರ ಅಕ್ಟೋಬರ್ 1ರ ವೇಳೆಗೆ ನಿಲ್ಲಿಸುವಂತೆ ನಿಗಮವು ಬ್ಯಾಂಕುಗಳಿಗೆ ಸೂಚಿಸಿತು.

ಅಂಗಡಿಯ ಕ್ಯೂಆರ್ ಕೋಡಿನ ಮೇಲೆ ಬೇರೊಂದು ಚೀಟಿ ಅಂಟಿಸುವುದೂ ಉಂಟು. ವರ್ತಕರಿಗೆ ಹಣ ಸಂದಾಯವಾದಂತೆ ಸುಳ್ಳು ಚಿತ್ರ ತೋರಿಸಿ ಸರಕು ಒಯ್ಯುವವರೂ ಇದ್ದಾರೆ.

ಪಾಲಿಸಬೇಕಾದ ನಿಯಮಗಳು

1. ಪಿನ್ ಒತ್ತುವ ಮುನ್ನ ಪರದೆಯ ಮೇಲಿನ ಹೆಸರು ಮತ್ತು ಮೊತ್ತವನ್ನು ಓದಿರಿ. ಹೆಸರು ಸರಿಯೇ ಎಂದು ವರ್ತಕರನ್ನು ಕೇಳಿರಿ.
2. ಪಿನ್ ಹಾಗೂ ಓಟಿಪಿಯನ್ನು ಯಾರಿಗೂ, ಬ್ಯಾಂಕಿನವರೆಂದು ಹೇಳಿಕೊಳ್ಳುವವರಿಗೂ, ತಿಳಿಸಬೇಡಿರಿ.
3. ಅಪರಿಚಿತರ ಮಾತು ಕೇಳಿ ಮೊಬೈಲ್ ಪರದೆಯನ್ನು ದೂರದಿಂದ ನೋಡುವ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿರಿ.
4. ವರ್ತಕರು ಗ್ರಾಹಕನ ಮೊಬೈಲನ್ನಲ್ಲ, ತಮ್ಮ ಖಾತೆಯನ್ನು ನೋಡಿ ಹಣ ಬಂದಿದೆಯೆಂದು ಖಚಿತಪಡಿಸಿಕೊಳ್ಳಬೇಕು.

ಹಣ ಕಳೆದುಕೊಂಡಾಗ

ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಬೇಗನೆ ಸಾಗಿಸುತ್ತಾರೆ. ಅದು ಕೈಮೀರುವ ಮುನ್ನ ವಿಷಯ ತಿಳಿದರೆ ಉಳಿದ ಹಣವನ್ನು ಬ್ಯಾಂಕುಗಳು ತಡೆಹಿಡಿಯಬಲ್ಲವು. ಆದ್ದರಿಂದ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿರಿ. ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲಿನಲ್ಲಿಯೂ ದೂರು ದಾಖಲಿಸಬಹುದು. ಗ್ರಾಹಕನ ಅಜಾಗರೂಕತೆಯಿಂದಾದ ನಷ್ಟವನ್ನು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕನೇ ಹೊರಬೇಕು, ತಿಳಿಸಿದ ಅನಂತರ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ವಿಧಿಸಿತು. ಮೋಸಹೋದೆನೆಂಬ ಸಂಕೋಚದಿಂದ ಸುಮ್ಮನಿರುವ ಒಂದೊಂದು ಗಳಿಗೆಯೂ ವಂಚಕನಿಗೆ ಲಾಭ.